ಉತ್ಪನ್ನ ವಿಸ್ತರಣೆ: ಹೊಸ ಆದಾಯಕ್ಕೆ ಮುನ್ನ ಮಾಡಬೇಕಾದ ಲೆಕ್ಕ

ಒಂದೇ ಸರಕನ್ನು ನಂಬಿದ ಉದ್ದಿಮೆಯು ಆ ಒಂದು ಸರಕಿನ ಬೇಡಿಕೆಯ ಏರಿಳಿತಕ್ಕೆ ಈಡಾಗುತ್ತದೆ. ಬೇಡಿಕೆ ತಗ್ಗಿದರೂ ಬಾಡಿಗೆ, ಸಂಬಳ ಮತ್ತು ಸಾಲದ ಬಡ್ಡಿ ತಗ್ಗುವುದಿಲ್ಲ. ಆದ್ದರಿಂದ ಹೊಸ ಉತ್ಪನ್ನವು ಸಣ್ಣ ಉದ್ದಿಮೆಗೆ ಆದಾಯದ ಮೂಲವೂ ಹೌದು, ರಕ್ಷಣೆಯೂ ಹೌದು. ಆದರೆ ವಿವೇಚನೆಯಿಲ್ಲದೆ ಸೇರಿಸಿದ ಸರಕು ದಾಸ್ತಾನಾಗಿ ಉಳಿದು ದುಡಿಯುವ ಬಂಡವಾಳವನ್ನೇ ನುಂಗಬಲ್ಲದು.

ಒಂದು ನಿದರ್ಶನ

ಬೆಂಗಳೂರಿನ ಮಾವಳ್ಳಿ ಟಿಫಿನ್ ರೂಮ್ಸ್ (ಎಂ.ಟಿ.ಆರ್.) ಇತಿಹಾಸ ಇಲ್ಲಿ ಗಮನಾರ್ಹ. 1924ರಲ್ಲಿ ಯಜ್ಞನಾರಾಯಣ ಮಯ್ಯ ಮತ್ತು ಅವರ ಸಹೋದರರು ಆರಂಭಿಸಿದ ಈ ಉಪಾಹಾರ ಗೃಹವು, ಎರಡನೆಯ ಮಹಾಯುದ್ಧದ ಕಾಲದಲ್ಲಿ ಅಕ್ಕಿಯ ಅಭಾವ ತಲೆದೋರಿದಾಗ ರವೆಯಿಂದ ಇಡ್ಲಿ ತಯಾರಿಸಿತು. ರವೆ ಇಡ್ಲಿ ಹುಟ್ಟಿದ್ದು ತನ್ನಲ್ಲಿಯೇ ಎಂಬುದು ಸಂಸ್ಥೆಯ ಹೇಳಿಕೆ. 1975ರ ತುರ್ತುಪರಿಸ್ಥಿತಿಯಲ್ಲಿ ತಿಂಡಿಗಳ ದರವನ್ನು ಸರ್ಕಾರ ನಿಯಂತ್ರಿಸಿದಾಗ ಹೋಟೆಲ್ ನಡೆಸುವುದು ನಷ್ಟದ ಬಾಬತ್ತಾಯಿತು. ಆಗ ಸಂಸ್ಥೆಯು ಸಿದ್ಧ ಮಿಶ್ರಣಗಳ ಮಾರಾಟದತ್ತ ತಿರುಗಿತು. ಹೀಗೆ ಬೆಳೆದ ಪೊಟ್ಟಣ ಆಹಾರದ ಉದ್ದಿಮೆಯನ್ನು 2007ರಲ್ಲಿ ನಾರ್ವೆಯ ಓರ್ಕ್ಲಾ ಸಂಸ್ಥೆ ಕೊಂಡುಕೊಂಡಿತು. ಉಪಾಹಾರ ಗೃಹವು ಮಯ್ಯ ಕುಟುಂಬದಲ್ಲಿಯೇ ಉಳಿಯಿತು.

ಇಲ್ಲಿ ಅಡುಗೆಯ ಹದ, ಹೆಸರು ಮತ್ತು ಗ್ರಾಹಕರ ವಿಶ್ವಾಸ ಮೊದಲೇ ಇದ್ದವು. ಪೊಟ್ಟಣ, ಬಾಳಿಕೆಯ ಅವಧಿ ಮತ್ತು ಮಾರಾಟದ ಜಾಲ ಮಾತ್ರ ಹೊಸವು. ಕೈಯಲ್ಲಿರುವ ಬಲದ ಮೇಲೆ ನಿಂತು ಹೊಸದನ್ನು ಕಟ್ಟುವುದೇ ಇದರ ಪಾಠ.

ಲೆಕ್ಕದ ಕ್ರಮ

ಸಾಂಬಾರು ಪುಡಿ ತಯಾರಕರೊಬ್ಬರು ಪುಳಿಯೋಗರೆ ಗೊಜ್ಜನ್ನೂ ಮಾಡಲು ಯೋಚಿಸುತ್ತಾರೆಂದು ಭಾವಿಸೋಣ. ಪೊಟ್ಟಣವೊಂದರ ಮಾರಾಟದಿಂದ ಬರುವುದು 60 ರೂ. ಸಾಮಗ್ರಿ, ಪೊಟ್ಟಣ ಮತ್ತು ಸಾಗಣೆಗೆ 42 ರೂ. ಕಳೆದರೆ ಮಿಗುವುದು 18 ರೂ. ಹೊಸ ಉತ್ಪನ್ನಕ್ಕಾಗಿಯೇ ತಿಂಗಳಿಗೆ 9,000 ರೂ. ಸ್ಥಿರ ವೆಚ್ಚ ಬಂದರೆ, 500 ಪೊಟ್ಟಣ ಮಾರಿದಾಗ ಮಾತ್ರ ಖರ್ಚು ಸರಿದೂಗುತ್ತದೆ.

ಇಲ್ಲಿಗೆ ಲೆಕ್ಕ ಮುಗಿಯಲಿಲ್ಲ. ಗೊಜ್ಜು ಕೊಂಡ ಕೆಲವರು ಪುಡಿ ಕೊಳ್ಳುವುದನ್ನು ಬಿಡಬಹುದು. ಪೊಟ್ಟಣಕ್ಕೆ 15 ರೂ. ಮಿಗುವ ಪುಡಿಯ ಮಾರಾಟ ತಿಂಗಳಿಗೆ 100 ಪೊಟ್ಟಣ ಇಳಿದರೆ 1,500 ರೂ. ಕೈಬಿಡುತ್ತದೆ. ಆಗ ಮಾರಬೇಕಾದದ್ದು 584 ಪೊಟ್ಟಣ. ಅನೇಕರು ಮರೆಯುವುದು ಈ ಎರಡನೆಯ ಲೆಕ್ಕವನ್ನೇ.

ಪರಿಶೀಲಿಸಬೇಕಾದ ಅಂಶಗಳು

1. ಈಗಿನ ಗ್ರಾಹಕರು ಕೇಳಿ ಬರಿಗೈಯಲ್ಲಿ ಮರಳುತ್ತಿರುವ ಸರಕು ಯಾವುದೆಂದು ಒಂದು ತಿಂಗಳು ಬರೆದಿಡಬೇಕು.

2. ಇರುವ ಯಂತ್ರ, ಕೆಲಸಗಾರರು ಮತ್ತು ಕಚ್ಚಾ ಸಾಮಗ್ರಿ ಎಷ್ಟರಮಟ್ಟಿಗೆ ಸಾಲುತ್ತವೆಂದು ನೋಡಬೇಕು.

3. ಆಹಾರ ಪದಾರ್ಥವಾದರೆ 2006ರ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಕಾಯಿದೆಯಡಿ ಪಡೆದ ನೋಂದಣಿ ಅಥವಾ ಪರವಾನಗಿಯಲ್ಲಿ ಹೊಸ ಉತ್ಪನ್ನವು ಸೇರುತ್ತದೆಯೇ ಎಂಬುದನ್ನು ಖಚಿತಪಡಿಸಿಕೊಳ್ಳಬೇಕು.

4. ಮೊದಲು ಸಣ್ಣ ಪ್ರಮಾಣದಲ್ಲಿ ತಯಾರಿಸಿ, ಪರಿಚಿತ ಅಂಗಡಿಗಳಲ್ಲಿ ಮಾರಿ, ಮರುಖರೀದಿಯನ್ನು ಗಮನಿಸಬೇಕು. ಮೊದಲ ಖರೀದಿ ಕುತೂಹಲದಿಂದಲೂ ಆಗಬಹುದು.

5. ಹೂಡುವ ಹಣದ ಮಿತಿಯನ್ನೂ ನಿಲ್ಲಿಸುವ ದಿನಾಂಕವನ್ನೂ ಆರಂಭದಲ್ಲಿಯೇ ಗೊತ್ತುಪಡಿಸಬೇಕು.

ಹೊಸ ಉತ್ಪನ್ನದ ಜಮಾಖರ್ಚನ್ನು ಪ್ರತ್ಯೇಕವಾಗಿ ಇಡುವುದು ಅವಶ್ಯಕ. ಹಳೆಯ ಸರಕಿನ ಲಾಭದಲ್ಲಿ ಹೊಸದರ ನಷ್ಟ ಮುಚ್ಚಿಹೋದರೆ, ಅದು ಕಣ್ಣಿಗೆ ಬೀಳುವ ಹೊತ್ತಿಗೆ ಎರಡೂ ಕುಸಿದಿರಬಹುದು.