ಸಾಕುಮೊಲಗಳಿಗೆ ಕಡಿಯಲು ಕೊಡತಕ್ಕ ವಸ್ತುಗಳು

ತೇರದಾಳ, ರಬಕವಿ, ಬನಹಟ್ಟಿ, ಜಮಖಂಡಿ, ಮುಧೋಳ ಈ ಸೀಮೆಯ ಕೆಲವು ಮನೆಗಳಲ್ಲಿ ಎತ್ತು, ಎಮ್ಮೆ, ಆಡುಗಳ ಜೊತೆಗೆ ಮಕ್ಕಳ ಆಸೆಗಾಗಿ ಮೊಲಗಳನ್ನೂ ಸಾಕುತ್ತಾರೆ. ಎತ್ತಿನ ಮೇವಿನ ವಿಷಯದಲ್ಲಿ ನಮ್ಮ ರೈತರಿಗೆ ಯಾರೂ ಪಾಠ ಹೇಳಬೇಕಾದುದಿಲ್ಲ. ಆದರೆ ಮೊಲದ ಹಲ್ಲಿನ ಧರ್ಮವನ್ನು ತಿಳಿಯದ ಕಾರಣ ಅನೇಕರು ಅದನ್ನು ಅಕಾಲದಲ್ಲಿ ಕಳೆದುಕೊಳ್ಳುತ್ತಾರೆ. ಮೊಲವು ಗೂಡಿನ ಚೌಕಟ್ಟು, ಬಾಗಿಲ ಅಂಚು, ಚಪ್ಪಲಿ, ನೂಲು ಏನು ಸಿಕ್ಕರೂ ಕಡಿಯುತ್ತದೆ. ಇದು ತುಂಟತನವಲ್ಲ, ಅದರ ದೇಹದ ಅವಶ್ಯಕತೆ. ಅಪಾಯವಿಲ್ಲದೆ ಬಹಳ ದಿನ ಬಾಳುವಂಥ ಯಾವ ವಸ್ತುಗಳನ್ನು ಅದಕ್ಕೆ ಕೊಡಬಹುದೆಂಬುದನ್ನು ಈ ಕರಪತ್ರದಲ್ಲಿ ವಿವರಿಸಲಾಗಿದೆ.

ಇಲ್ಲಿ ಹೇಳುವುದು ಸಾಕುಮೊಲದ ವಿಷಯ. ಕಬ್ಬು ಕಡಿಯುವಾಗ ಸಿಗುವ ಹೊಲದ ಮೊಲದ ಮರಿಯು ಬೇರೆ ಜಾತಿಯದು. ಅದನ್ನು ಹಿಡಿದು ಸಾಕುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಮೇರೆಗೆ ಅಪರಾಧವಾಗುತ್ತದೆ. ಅದನ್ನು ಕಂಡ ಸ್ಥಳದಲ್ಲಿಯೇ ಬಿಡತಕ್ಕದ್ದು.

1. ಹಲ್ಲುಗಳ ರಚನೆ

ಬೆಳೆದ ಮೊಲಕ್ಕೆ 28 ಹಲ್ಲುಗಳಿರುತ್ತವೆ. ಮೇಲಿನ ದವಡೆಯಲ್ಲಿ ಎರಡು ದೊಡ್ಡ ಬಾಚಿಹಲ್ಲುಗಳು, ಅವುಗಳ ಹಿಂದೆ ಎರಡು ಚಿಕ್ಕವು, ಕೆಳಗೆ ಎರಡು ಬಾಚಿಹಲ್ಲುಗಳು. ಉಳಿದ 22 ದವಡೆಹಲ್ಲುಗಳು. ಇವೆಲ್ಲವೂ ಜೀವವಿರುವವರೆಗೆ ಬೆಳೆಯುತ್ತಲೇ ಇರುತ್ತವೆ. ಬಾಚಿಹಲ್ಲು ವಾರಕ್ಕೆ ಸುಮಾರು 2 ಮಿಲಿಮೀಟರ್, ಅಂದರೆ ವರ್ಷಕ್ಕೆ ಸುಮಾರು 4 ಅಂಗುಲ ಬೆಳೆಯುತ್ತದೆ. ಬೆಳೆದಷ್ಟೂ ಸವೆಯುತ್ತಿದ್ದರೆ ಮಾತ್ರ ಬಾಯಿ ಸರಿಯಾಗಿರುತ್ತದೆ. ಸವೆಯದಿದ್ದರೆ ಬಾಚಿಹಲ್ಲುಗಳು ಸುರುಳಿಯಾಗಿ ತುಟಿಗೆ ಚುಚ್ಚುತ್ತವೆ; ದವಡೆಹಲ್ಲುಗಳ ಅಂಚು ಚೂಪಾಗಿ ನಾಲಗೆಯನ್ನೂ ಗಲ್ಲದ ಒಳಭಾಗವನ್ನೂ ಕೊಯ್ಯುತ್ತದೆ. ಆಗ ಮುಂದೆ ಮೇವಿದ್ದರೂ ಪ್ರಾಣಿಯು ಉಪವಾಸ ಬೀಳುತ್ತದೆ.

2. ಮೊದಲು ಹುಲ್ಲು, ಆಮೇಲೆ ಕಟ್ಟಿಗೆ

ಗಟ್ಟಿಯಾದ ಕಟ್ಟಿಗೆಯೊಂದನ್ನು ಗೂಡಿನಲ್ಲಿಟ್ಟರೆ ಹಲ್ಲಿನ ಚಿಂತೆ ತೀರಿತೆಂದು ಅನೇಕರು ತಿಳಿದಿದ್ದಾರೆ. ಇದು ತಪ್ಪು. ಕಟ್ಟಿಗೆಯು ಬಾಚಿಹಲ್ಲಿಗೆ ಮಾತ್ರ ತಾಕುತ್ತದೆ. ದವಡೆಹಲ್ಲುಗಳು ಸವೆಯುವುದು ನಾರುಳ್ಳ ಹುಲ್ಲನ್ನು ಅಡ್ಡಡ್ಡಲಾಗಿ ಅರೆಯುವಾಗ, ಹಲ್ಲಿಗೆ ಹಲ್ಲು ಉಜ್ಜಿಯೇ.

ಈ ತಪ್ಪನ್ನು ಸ್ವತಃ ಮಾಡಿದ ಅನುಭವ ಈ ಲೇಖಕನಿಗುಂಟು. ಹಿಂದೊಮ್ಮೆ ನೇಕಾರರ ಮನೆಯೊಂದರಲ್ಲಿ ಮೊಲವು ಮಗ್ಗದ ಕಾಲನ್ನು ಕಡಿಯುತ್ತಿದೆಯೆಂದು ಕೇಳಿದಾಗ, ಒಂದು ಗಟ್ಟಿ ಕೊರಡನ್ನು ಇಡಿರೆಂದು ಹೇಳಿ ಬಂದದ್ದಾಯಿತು. ಅದು ಏನು ತಿನ್ನುತ್ತದೆಂದು ವಿಚಾರಿಸಲಿಲ್ಲ. ರೊಟ್ಟಿಯ ಚೂರು, ಕಬ್ಬಿನ ತುಂಡು, ನೆನೆಸಿದ ಕಡಲೆ ಇಷ್ಟೇ ಅದರ ಆಹಾರವಾಗಿತ್ತು. ಕೆಲವು ತಿಂಗಳ ತರುವಾಯ ಹೋದಾಗ ಕೊರಡು ಅರ್ಧ ಸವೆದಿತ್ತು, ಮೊಲ ಸತ್ತಿತ್ತು. ಬಾಯಿ ತೆರೆದು ನೋಡಿದವರು ಒಳಹಲ್ಲು ನಾಲಗೆಗೆ ನೆಟ್ಟಿತ್ತೆಂದು ತಿಳಿಸಿದರು. ಆ ಮನೆಯ ಹುಡುಗನಿಗೆ ಹೇಳಲು ಉತ್ತರವಿರಲಿಲ್ಲ.

ಆದುದರಿಂದ ಮೊಲದ ಗಾತ್ರದಷ್ಟು ಒಣಹುಲ್ಲಿನ ರಾಶಿಯು ಹಗಲೂ ರಾತ್ರಿಯೂ ಅದರ ಮುಂದಿರಬೇಕು. ಬದುವಿನ ಕರಿಕೆ ಹುಲ್ಲನ್ನು ಕೊಯ್ದು ಒಣಗಿಸಿದರೆ ಉತ್ತಮ. ಬಣವೆಯೊಳಗಿನ ಚೆನ್ನಾಗಿ ಒಣಗಿದ, ಬೂಸರು ಹಿಡಿಯದ ಜೋಳದ ಕಣಿಕಿಯನ್ನೂ ಸ್ವಲ್ಪ ಸೀಳಿ ಅದರೊಡನೆ ಸೇರಿಸಬಹುದು. ಎಳೆಯ ಹಸಿರು ಜೋಳ, ಮಳೆಯಿಲ್ಲದೆ ಬಾಡಿದ ಪೈರು, ಕೂಳೆಯ ಚಿಗುರು ಇವುಗಳಲ್ಲಿ ಹೈಡ್ರೋಸಯನಿಕ್ ಆಮ್ಲವೆಂಬ ವಿಷವು ಉಂಟಾಗುವುದರಿಂದ ದನಗಳಿಗೆ ಹೇಗೋ ಹಾಗೆ ಮೊಲಗಳಿಗೂ ಕೊಡಬಾರದು.

3. ಕಡಿಯಲು ಯೋಗ್ಯವಾದವು

ಹುಲ್ಲಿನ ವ್ಯವಸ್ಥೆಯಾದ ಮೇಲೆ, ಬಾಚಿಹಲ್ಲಿನ ಕೆಲಸಕ್ಕೂ ಪ್ರಾಣಿಯ ಬೇಸರ ಕಳೆಯುವುದಕ್ಕೂ ಈ ಕೆಳಗಿನವು ಯೋಗ್ಯವಾಗಿವೆ:

(ಅ) ಪೇರಲದ ಕೊಂಬೆ. ಇದರ ಕಟ್ಟಿಗೆ ಗಟ್ಟಿ ಮತ್ತು ಒತ್ತಾಗಿರುವುದರಿಂದ ಬಹಳ ದಿನ ಬಾಳುತ್ತದೆ. ಕವಲೊಡೆದ ಗಂಟಿನ ಭಾಗವು ಇನ್ನೂ ಹೆಚ್ಚು ಬಾಳಿಕೆಯದು.

(ಆ) ಹಿಪ್ಪುನೇರಳೆಯ ಕಡ್ಡಿ. ತೊಗಟೆಯನ್ನು ಮೊಲಗಳು ಬಹಳ ಇಷ್ಟಪಡುತ್ತವೆ. ಎಲೆಸಹಿತ ಹಸಿಯಾಗಿಯೂ ಸ್ವಲ್ಪ ಕೊಡಬಹುದು. ಬೇಗ ಮುಗಿಯುವುದೊಂದೇ ಕೊರತೆ.

(ಇ) ದಾಸವಾಳದ ಕಡ್ಡಿ. ಮೆದುವಾದುದರಿಂದ ಮರಿಗಳಿಗೆ ಅನುಕೂಲ.

(ಈ) ಬಳ್ಳಿಯಲ್ಲಿಯೇ ಬಲಿತು ಒಣಗಿದ ಹೀರೇಕಾಯಿಯ ನಾರು. ಸಿಪ್ಪೆ, ಬೀಜ ತೆಗೆದು ತೊಳೆದು ಒಣಗಿಸಿ ಕೊಡತಕ್ಕದ್ದು.

(ಉ) ಬಣ್ಣ ಹಾಕದ ಈಚಲಗರಿಯ ಚಾಪೆಯ ತುಂಡು. ಹೊಲಿಗೆಯ ದಾರವನ್ನು ಮೊದಲೇ ಬಿಚ್ಚಿ ತೆಗೆಯಬೇಕು.

ಕೊಂಬೆಗಳನ್ನು ಔಷಧ ಸಿಂಪಡಿಸದ ಗಿಡದಿಂದ, ಹೆಬ್ಬೆರಳ ದಪ್ಪಕ್ಕೆ, ಒಂದು ಗೇಣು ಉದ್ದ ಕತ್ತರಿಸಿ ತೊಗಟೆಸಹಿತ ತೊಳೆದು, ಎರಡು ಮೂರು ವಾರ ನೆರಳಲ್ಲಿ ಒಣಗಿಸಬೇಕು. ನೆಲದ ಮೇಲೆ ಬಿದ್ದರೆ ಮೂತ್ರದಲ್ಲಿ ನೆನೆದು ಕೆಡುವುದರಿಂದ ಗೂಡಿನ ಬದಿಗೆ ಒರಗಿಸಿ ಸಿಕ್ಕಿಸುವುದು ಲೇಸು. ಎರಡು ಮೂರು ಬಗೆಯವನ್ನು ಸರದಿಯಂತೆ ಇಟ್ಟರೆ ಪ್ರಾಣಿಗೆ ಬೇಸರವಾಗದು, ಪ್ರತಿಯೊಂದೂ ಹೆಚ್ಚು ದಿನ ಬರುತ್ತದೆ. ಸಿಬಿರು ಎದ್ದುದನ್ನೂ ಬೂಸರು ಬಂದುದನ್ನೂ ಕೂಡಲೇ ತೆಗೆದುಹಾಕತಕ್ಕದ್ದು.

4. ಕೊಡಬಾರದವು

ಕಣಗಿಲದ ಎಲ್ಲ ಭಾಗಗಳೂ ವಿಷ. ಬೇಲಿಯಲ್ಲಿದೆಯೆಂದು ಅದರ ಕಡ್ಡಿಯನ್ನು ಮುರಿದು ಹಾಕಬಾರದು. ಎಕ್ಕೆ, ಮದಗುಣಿಕೆ, ಔಡಲ ಇವೂ ವರ್ಜ್ಯ. ಹತ್ತಿಕಟ್ಟಿಗೆಗೆ ಕೀಟನಾಶಕದ ಅಂಶ ಅಂಟಿರುವ ಸಂಭವವಿರುವುದರಿಂದ ಅದೂ ಬೇಡ. ಕಬ್ಬಿನ ತುಂಡು ಕಡಿಯಲು ಚೆನ್ನಾಗಿ ಕಂಡರೂ ಅದರ ಸಕ್ಕರೆಯು ಮೊಲದ ಕರುಳನ್ನು ಕೆಡಿಸುತ್ತದೆ. ಬಣ್ಣ ಬಳಿದ ಕಟ್ಟಿಗೆ, ಅಂಟು ಹಾಕಿದ ಹಲಗೆ, ಎಣ್ಣೆ ಕುಡಿದ ಹಳೆಯ ಮಗ್ಗದ ಸಾಮಾನು, ಪ್ಲಾಸ್ಟಿಕ್ಕು ಇವಾವುವೂ ಬೇಡ. ನೇಯ್ಗೆಯ ಮನೆಗಳಲ್ಲಿ ನೂಲಿನ ವಿಷಯವಾಗಿ ವಿಶೇಷ ಎಚ್ಚರ ಬೇಕು. ನುಂಗಿದ ನೂಲು ಕರುಳಿನಲ್ಲಿ ಸಿಕ್ಕಿಕೊಳ್ಳುತ್ತದೆ. ವಿದ್ಯುತ್ ತಂತಿಗಳನ್ನು ಮೊಲಕ್ಕೆ ಎಟುಕದಂತೆ ಇಡಬೇಕು. ಮೊಲವು ಗೂಡಿನ ಕಬ್ಬಿಣದ ಸರಳನ್ನೇ ಕಡಿಯುತ್ತಿದ್ದರೆ ಹಲ್ಲು ಮುರಿಯಬಹುದು ಅಥವಾ ಸೊಟ್ಟಾಗಬಹುದು. ಅಂಥದಕ್ಕೆ ಹೆಚ್ಚು ಹುಲ್ಲು ಹಾಕಿ, ದಿನಕ್ಕೆ ಕೆಲವು ತಾಸು ಹೊರಗೆ ಆಡಲು ಬಿಡಬೇಕು.

5. ಎಚ್ಚರಿಕೆಯ ಚಿಹ್ನೆಗಳು

ವಾರಕ್ಕೊಮ್ಮೆ ತುಟಿಯನ್ನು ಮೆಲ್ಲನೆ ಸರಿಸಿ ಬಾಚಿಹಲ್ಲುಗಳನ್ನು ನೋಡುವ ರೂಢಿ ಇಟ್ಟುಕೊಳ್ಳಬೇಕು. ಗದ್ದ ಒದ್ದೆಯಾಗುವುದು, ಕಣ್ಣಲ್ಲಿ ನೀರು, ಬಾಯಿಗೆ ತೆಗೆದುಕೊಂಡ ಮೇವು ಕೆಳಗೆ ಬೀಳುವುದು, ಹಿಕ್ಕೆ ಚಿಕ್ಕದಾಗುವುದು, ಮೈ ಇಳಿಯುವುದು ಇವು ಹಲ್ಲಿನ ರೋಗದ ಗುರುತುಗಳು. ಕೆಲವು ಮೊಲಗಳಿಗೆ ಹುಟ್ಟಿನಿಂದಲೇ ದವಡೆ ಸೊಟ್ಟಾಗಿರುತ್ತದೆ. ಇದಕ್ಕೆ ಯಾವ ಕಟ್ಟಿಗೆಯೂ ಮದ್ದಲ್ಲ; ಅಂಥವುಗಳಿಂದ ಮರಿ ಮಾಡಿಸಬಾರದು. ಇಕ್ಕಳದಿಂದ ಹಲ್ಲು ಕತ್ತರಿಸಿದರೆ ಬುಡದವರೆಗೆ ಸೀಳುವುದರಿಂದ ಪಶುವೈದ್ಯರಿಂದಲೇ ಸವೆಸಿಸಬೇಕು. ಮೊಲವು 12 ತಾಸು ಏನೂ ತಿನ್ನದಿದ್ದರೆ ಅಥವಾ ಹಿಕ್ಕೆ ಹಾಕದಿದ್ದರೆ ಅದೇ ದಿನ ಪಶು ಆಸ್ಪತ್ರೆಗೆ ಒಯ್ಯತಕ್ಕದ್ದು. ನಾಳೆ ನೋಡೋಣವೆಂದರೆ ಕೈಮೀರುತ್ತದೆ. ಮನುಷ್ಯರಿಗಾಗಲಿ ಆಡಿಗಾಗಲಿ ಕೊಡುವ ಔಷಧವನ್ನು ತಾವಾಗಿ ಕುಡಿಸಬಾರದು.

ಮೇಲೆ ಹೇಳಿದ ವಸ್ತುಗಳಲ್ಲಿ ಯಾವುದಕ್ಕೂ ಹೆಚ್ಚಿನ ಹಣ ಬೇಕಿಲ್ಲ. ಬದುವಿನ ಹುಲ್ಲು, ಹಿತ್ತಲಿನ ಪೇರಲ, ಬೇಲಿಯ ಹೀರೆಬಳ್ಳಿ ಇಷ್ಟರಲ್ಲಿಯೇ ಮೊಲದ ಬಾಯಿ ಆರೋಗ್ಯವಾಗಿರುತ್ತದೆ. ಮೊಲವನ್ನು ಸಾಕುವ ಮಕ್ಕಳಿಗೆ ಹಿರಿಯರು ಈ ವಿಷಯಗಳನ್ನು ಓದಿ ಹೇಳಿ, ದಿನದ ಹುಲ್ಲು ಹಾಕುವ ಕೆಲಸವನ್ನು ಅವರಿಗೇ ಒಪ್ಪಿಸಬೇಕೆಂದು ಸೂಚಿಸಲಾಗಿದೆ.