ಪಾಠ: ಮಗಳ ಇಂಟರ್‌ವ್ಯೂ

ಕೊಳವಳ್ಳಿಯ ಪಕ್ಕದಲ್ಲೇ ಕಬಿನಿ ಹೊಳೆ. ಹೊಳೆಯ ಆಚೆ ಕರ್ನಾಟಕ. ಓದಿದ ಮಕ್ಕಳು ಕೆಲಸ ಹುಡುಕಿಕೊಂಡು ಮೈಸೂರು, ಬೆಂಗಳೂರಿಗೆ ಹೋಗ್ತಾರೆ. ನಾಳೆ ನಿಮ್ಮ ಮಗಳೂ, "ಅವ್ವಾ, ವೆಬ್ ಡೆವಲಪರ್ ಕೆಲಸಕ್ಕೆ ಇಂಟರ್‌ವ್ಯೂ ಇದೆ" ಅನ್ನಬಹುದು.

ಏನು ಈ ಕೆಲಸ? ಮೊಬೈಲಿನಲ್ಲಿ ರೈಲು ಟಿಕೆಟ್ ತೆಗೀತೀವಿ. ಪರೀಕ್ಷೆಯ ಫಲಿತಾಂಶ ನೋಡ್ತೀವಿ. ಅಂಥ ಪುಟಗಳನ್ನು ತಯಾರು ಮಾಡುವವರೇ ವೆಬ್ ಡೆವಲಪರ್.

ಇಂಟರ್‌ವ್ಯೂ ಅಂದರೆ ಸಂದರ್ಶನ. "ನೀವು ಮಾಡಿದ ಪುಟ ತೋರಿಸಿ" ಅಂತಾರೆ. ಕಂಪ್ಯೂಟರಿನಲ್ಲಿ ಒಂದು ಚಿಕ್ಕ ಕೆಲಸ ಕೊಡ್ತಾರೆ. "ಹೀಗೆ ಯಾಕೆ ಮಾಡಿದಿರಿ?" ಅಂತ ಕೇಳ್ತಾರೆ. ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಅನ್ನಬೇಕು. ಅದರಲ್ಲಿ ನಾಚಿಕೆ ಇಲ್ಲ.

ಒಂದು ಎಚ್ಚರ. "ಮೊದಲು ಹಣ ಕಟ್ಟಿ, ಆಮೇಲೆ ಕೆಲಸ" ಅಂದರೆ ಕಟ್ಟಬೇಡಿ. ಅದು ಮೋಸ. ಕೆಲಸ ಕೊಡುವವರು ಸಂಬಳ ಕೊಡ್ತಾರೆ, ಹಣ ಕೇಳಲ್ಲ. ಫೋನಿಗೆ ಬಂದ ಓಟಿಪಿ ಯಾರಿಗೂ ಹೇಳಬೇಡಿ. ಫೋನಿನ ಮೂಲಕ ಹಣ ಕಳೆದುಕೊಂಡರೆ ಕೂಡಲೇ 1930ಕ್ಕೆ ಫೋನ್ ಮಾಡಿ.

ಕೆಲಸದ ಪತ್ರ ಇಂಗ್ಲಿಷಿನಲ್ಲಿ ಇರಬಹುದು. ಮಗಳ ಕೈಲಿ ಕನ್ನಡದಲ್ಲಿ ಹೇಳಿಸಿ. ನೀವೇ ಬರೆದಿಟ್ಟುಕೊಳ್ಳಿ. ಈಗ ನಿಮಗೆ ಬರೆಯೋಕೆ ಬರುತ್ತೆ!

ಅಭ್ಯಾಸ: ಬರೆಯಿರಿ
1. ಕಂಪನಿಯ ಹೆಸರು ————
2. ತಿಂಗಳ ಸಂಬಳ ————
3. ಕೆಲಸಕ್ಕೆ ಸೇರುವ ದಿನ ————