ಕಜ್ಜಾಯ ಎಣ್ಣೆಯಲ್ಲೇಕೆ ಬಿಚ್ಚಿಕೊಳ್ಳುತ್ತದೆ?

ದೀಪಾವಳಿ ಸಮೀಪಿಸಿತೆಂದರೆ ಹಳೆಯ ಮೈಸೂರು ಸೀಮೆಯ ಎಷ್ಟೋ ಮನೆಗಳಲ್ಲಿ ಕಜ್ಜಾಯಕ್ಕೆ ಅಕ್ಕಿ ನೆನೆಯಹಾಕುವ ಸಂಭ್ರಮ ಮೊದಲಾಗುತ್ತದೆ. ಅಕ್ಕಿ, ಬೆಲ್ಲ, ಸ್ವಲ್ಪ ಗಸಗಸೆ, ನಾಲ್ಕು ಏಲಕ್ಕಿ, ಕರಿಯಲು ಎಣ್ಣೆ ಅಥವಾ ತುಪ್ಪ; ಬೇಕಾದ ಸಾಮಗ್ರಿ ಇಷ್ಟೇ. ಆದರೂ ಇದರಷ್ಟು ಹಟಮಾರಿಯಾದ ಭಕ್ಷ್ಯ ನಮ್ಮ ಅಡುಗೆಮನೆಯಲ್ಲಿ ಮತ್ತೊಂದಿಲ್ಲವೆನ್ನಬಹುದು. ಕಳೆದ ವರ್ಷ ಹೂವಿನಂತೆ ಅರಳಿದ ಕಜ್ಜಾಯ, ಈ ವರ್ಷ ಅದೇ ಕೈಗಳಿಂದ, ಅದೇ ಬಾಣಲೆಯಲ್ಲಿ ಬಿಟ್ಟೊಡನೆ ಬಿಚ್ಚಿಕೊಂಡು ಮರಳಿನಂತೆ ತಳ ಸೇರುತ್ತದೆ; ಇಲ್ಲವೇ ಹಲ್ಲಿಗೆ ಸವಾಲೆನಿಸುವ ಬಿಲ್ಲೆಯಾಗಿ ಮೇಲೆ ಬರುತ್ತದೆ. ಆಗ ದೋಷವನ್ನು ಹೊರಲು ಯಾರಾದರೊಬ್ಬರು ಬೇಕಲ್ಲವೆ? ಯಾರದೋ ದೃಷ್ಟಿ ತಾಗಿತೆಂದೋ, ಹೊಸದಾಗಿ ಬಂದ ಸೊಸೆಯ ಕೈಗುಣ ಸರಿಯಿಲ್ಲವೆಂದೋ ಮಾತು ಹೊರಡುವುದುಂಟು. ಹಬ್ಬದ ದಿನ ಒಬ್ಬಳ ಕಣ್ಣಲ್ಲಿ ನೀರು ತರಿಸಬಲ್ಲ ಈ ಆರೋಪವನ್ನು ಭೌತ ಮತ್ತು ರಸಾಯನ ಶಾಸ್ತ್ರಗಳ ಮುಂದಿಟ್ಟು ವಿಚಾರಣೆ ಮಾಡಿದರೆ, ಅಪರಾಧಿ ಬೇರೆಯೇ ಎಂಬುದು ತಿಳಿಯುತ್ತದೆ. ಅದು ನೀರು.

ಮೊದಲು ಅಕ್ಕಿಯ ಸ್ವಭಾವವನ್ನು ನೋಡೋಣ. ಗೋಧಿಯ ಹಿಟ್ಟಿಗೆ ನೀರು ಬೆರೆಸಿ ನಾದಿದಾಗ ಅದರ ಪ್ರೋಟೀನುಗಳು ಕೂಡಿಕೊಂಡು ಗ್ಲುಟೆನ್ ಎಂಬ ಸ್ಥಿತಿಸ್ಥಾಪಕ ಜಾಲವೊಂದು ಉಂಟಾಗುತ್ತದೆ. ಪೂರಿ ಉಬ್ಬಿದರೂ ಹರಿಯದಿರುವುದು ಈ ಜಾಲದಿಂದಲೇ. ಅಕ್ಕಿಯಲ್ಲಿ ಅಂತಹ ಜಾಲವಿಲ್ಲ. ಅದರಲ್ಲಿ ಪ್ರೋಟೀನು ನೂರಕ್ಕೆ ಸುಮಾರು 7 ಭಾಗ ಮಾತ್ರ; ಅದೂ ಜಾಲ ಹೆಣೆಯುವ ಜಾತಿಯದಲ್ಲ. ಉಳಿದುದರಲ್ಲಿ ಬಹುಪಾಲು ಪಿಷ್ಟ. ಪಿಷ್ಟದ ಸೂಕ್ಷ್ಮ ಕಣಗಳು ತಣ್ಣೀರಿನಲ್ಲಿ ಕರಗುವುದಿಲ್ಲ, ಒಂದಕ್ಕೊಂದು ಅಂಟುವುದೂ ಇಲ್ಲ. ಸಾಕಷ್ಟು ನೀರಿನೊಡನೆ ಸುಮಾರು 65ರಿಂದ 75 ಡಿಗ್ರಿ ಸೆಲ್ಸಿಯಸಿನವರೆಗೆ ಕಾಯಿಸಿದಾಗ ಮಾತ್ರ ಅವು ನೀರು ಹೀರಿ ಊದಿ, ಗಂಜಿಯಂತೆ ಅಂಟಾಗುತ್ತವೆ. ಹಿಟ್ಟನ್ನು ಒಟ್ಟುಗೂಡಿಸಿ ಹಿಡಿಯಬಲ್ಲ ಗಾರೆ ಇದೊಂದೇ.

ಹಾಗಾದರೆ ಬಾಣಲೆಗೆ ಬೀಳುವ ಮುನ್ನ ಕಜ್ಜಾಯದ ಹಿಟ್ಟನ್ನು ಹಿಡಿದಿಟ್ಟಿರುವುದು ಯಾವುದು? ಬೆಲ್ಲದ ಪಾಕ. ತಣ್ಣಗಿರುವ ಪಾಕ ಅತ್ಯಂತ ಸ್ನಿಗ್ಧವಾದ ದ್ರವ. ಅದು ಪಿಷ್ಟದ ಕಣಗಳ ನಡುವೆ ನಿಂತು ಅವನ್ನು ಅಂಟಿಸಿರುತ್ತದೆ. ಆದರೆ ಪಾಕದ ಸ್ನಿಗ್ಧತೆ ಬಿಸಿಯೇರಿದಂತೆ ಬಲುವೇಗವಾಗಿ ಇಳಿಯುತ್ತದೆ. ಆದುದರಿಂದ ಕಾದ ಎಣ್ಣೆಯಲ್ಲಿ ಒಂದು ಪಂದ್ಯವೇ ನಡೆಯುತ್ತದೆ. ಒಂದೆಡೆ ಪಾಕ ತೆಳುವಾಗಿ ತನ್ನ ಹಿಡಿತವನ್ನು ಸಡಿಲಿಸುತ್ತಿರುತ್ತದೆ. ಮತ್ತೊಂದೆಡೆ ಪಿಷ್ಟ ಬೆಂದು ಊದಿ ಹೊಸ ಹಿಡಿತವನ್ನು ಕಟ್ಟುತ್ತಿರುತ್ತದೆ. ಪಾಕ ಕೈಬಿಡುವುದರೊಳಗೆ ಪಿಷ್ಟ ಕೈಹಿಡಿದರೆ ಕಜ್ಜಾಯ; ತಡಮಾಡಿದರೆ ಬಾಣಲೆಯ ತಳದಲ್ಲಿ ಪುಡಿ. ಈ ಪಂದ್ಯದ ನಿರ್ಣಯವನ್ನು ಹಿಟ್ಟಿನಲ್ಲಿರುವ ನೀರಿನ ಪ್ರಮಾಣ ಬಹುಮಟ್ಟಿಗೆ ಮೊದಲೇ ಬರೆದಿಟ್ಟಿರುತ್ತದೆ.

ಈಗ ಕ್ರಮವನ್ನು ನೋಡೋಣ. 500 ಗ್ರಾಂ ಬೆಳತಿಗೆ ಅಕ್ಕಿಯನ್ನು ತೊಳೆದು ರಾತ್ರಿಯೆಲ್ಲ ನೆನೆಯಿಡಬೇಕು. ಕುಸುಬಲಕ್ಕಿ ಸಲ್ಲದು, ಅದರ ಪಿಷ್ಟ ಗಿರಣಿಗೆ ಹೋಗುವ ಮೊದಲೇ ಒಮ್ಮೆ ಬೆಂದು ಗಟ್ಟಿಯಾಗಿರುವುದರಿಂದ ಎಣ್ಣೆಯಲ್ಲಿ ನಾವು ಬಯಸುವ ರೀತಿಯಲ್ಲಿ ಊದುವುದಿಲ್ಲ. ನೆನೆದ ಅಕ್ಕಿಯನ್ನು ಬಸಿದು ನೆರಳಿನಲ್ಲಿ ಬಟ್ಟೆಯ ಮೇಲೆ ಹರಡಿ, ಮೇಲಿನ ತೇವ ಆರಿ, ಹಿಡಿದರೆ ಅಂಗೈ ಒದ್ದೆಯಾಗದ ಆದರೆ ತಂಪೆನಿಸುವ ಹದದಲ್ಲಿ ಕುಟ್ಟಿಯೋ ಬೀಸಿಯೋ ನುಣುಪಾದ ಜರಡಿಯಲ್ಲಿ ಹಿಡಿಯಬೇಕು. ಒಣ ಅಕ್ಕಿಯ ಕಾಳು ಗಡುಸು. ಅದನ್ನು ಪುಡಿಮಾಡುವಾಗ ಪಿಷ್ಟದ ಕಣಗಳು ಬಿರುಕು ಬಿಟ್ಟು ಕೆಡುತ್ತವೆ. ಇಂತಹ ಕೆಟ್ಟ ಕಣಗಳು ತಣ್ಣಗಿರುವಾಗಲೇ ನೀರನ್ನು ಹೀರಿ, ಉಳಿದವುಗಳಿಗೆ ದಕ್ಕದಂತೆ ಮಾಡುತ್ತವೆ. ನೆನೆದ ಕಾಳು ಮೃದುವಾದುದರಿಂದ ಕಣಗಳು ಬಹುಮಟ್ಟಿಗೆ ಇಡಿಯಾಗಿಯೇ ಬೇರ್ಪಟ್ಟು, ಹಿಟ್ಟು ನುಣುಪಾಗುತ್ತದೆ. ಅಂಗಡಿಯ ಒಣ ಅಕ್ಕಿಹಿಟ್ಟಿನಿಂದ ಕಜ್ಜಾಯ ಒದಗುವುದಿಲ್ಲವೆಂಬ ಹಿರಿಯರ ಮಾತು ಬರಿಯ ಹಟವಲ್ಲ.

ಇನ್ನು ಪಾಕ. 350 ಗ್ರಾಂ ಬೆಲ್ಲವನ್ನು 100 ಮಿಲಿಲೀಟರು ನೀರಿನಲ್ಲಿ ಕರಗಿಸಿ, ಕಸವನ್ನು ಸೋಸಿ, ಮತ್ತೆ ಒಲೆಗೇರಿಸಬೇಕು. ನೀರು ಆವಿಯಾಗಿ ಹೋದಂತೆಲ್ಲ ದ್ರಾವಣ ಸಾಂದ್ರವಾಗುತ್ತದೆ. ಸಾಂದ್ರವಾದಂತೆಲ್ಲ ಅದರ ಕುದಿಬಿಂದು ಏರುತ್ತದೆ. ನೂರಕ್ಕೆ 75 ಭಾಗ ಸಕ್ಕರೆಯಿರುವ ದ್ರಾವಣ ಸುಮಾರು 107 ಡಿಗ್ರಿಯಲ್ಲಿ ಕುದಿದರೆ, 85 ಭಾಗವಿರುವುದು ಸುಮಾರು 113ರಲ್ಲಿ ಕುದಿಯುತ್ತದೆ. ಕಜ್ಜಾಯಕ್ಕೆ ಬೇಕಾದುದು ಈ ಎರಡನೆಯದು. ನಮ್ಮ ತಾಯಂದಿರು ಉಷ್ಣಮಾಪಕವಿಲ್ಲದೆಯೇ ಇದನ್ನು ಅಳೆಯುತ್ತ ಬಂದಿದ್ದಾರೆ: ಬಟ್ಟಲ ತಣ್ಣೀರಿಗೆ ಒಂದು ಹನಿ ಪಾಕವನ್ನು ಬಿಡುವುದು; ಅದು ಕರಗದೆ, ಬೆರಳುಗಳ ನಡುವೆ ಮೆತ್ತನೆಯ ಉಂಡೆಯಾದರೆ ಹದ ಬಂದಿತು. ಉಂಡೆಯಾಗದೆ ಹರಡಿಕೊಂಡರೆ ಎಳೆಯ ಪಾಕ, ತಟ್ಟೆಗೆ ಹಾಕಿದಾಗ ಟಕ್ಕೆಂದರೆ ಮಿತಿಮೀರಿದ ಪಾಕ. ನಿಶ್ಚಿತ ಉಷ್ಣತೆಯಲ್ಲಿ ಸ್ನಿಗ್ಧತೆಯನ್ನು ಪರೀಕ್ಷಿಸಿ ಸಾಂದ್ರತೆಯನ್ನು ತಿಳಿಯುವ ಈ ಉಪಾಯ ಯಾವ ಪ್ರಯೋಗಶಾಲೆಗೂ ಒಪ್ಪತಕ್ಕದ್ದು.

ಉಷ್ಣಮಾಪಕವನ್ನೇ ಬಳಸುವೆನೆಂಬ ವಿದ್ಯಾರ್ಥಿಗೆ ಎರಡು ಎಚ್ಚರಿಕೆ. ಪಾದರಸವಿರುವ ಗಾಜಿನ ಮಾಪಕವನ್ನು ಅಡುಗೆಯ ಪಾತ್ರೆಯಲ್ಲಿ ಅದ್ದಬಾರದು, ಒಡೆದರೆ ವಿಷ. ಅಡುಗೆಗೆಂದೇ ಮಾಡಿದ ಲೋಹದ ಕಡ್ಡಿಯ ಮಾಪಕಗಳಿವೆ. ಎರಡನೆಯದು, 113 ಎಂಬ ಅಂಕ ಸಮುದ್ರಮಟ್ಟದ್ದು. ಮಂಗಳೂರಿನಲ್ಲಿ ನೀರು 100 ಡಿಗ್ರಿಯಲ್ಲಿ ಕುದಿಯುತ್ತದೆ; ಸುಮಾರು 900 ಮೀಟರು ಎತ್ತರದಲ್ಲಿರುವ ಬೆಂಗಳೂರಿನಲ್ಲಿ ವಾಯುವಿನ ಒತ್ತಡ ಕಡಿಮೆಯಿರುವುದರಿಂದ ಸುಮಾರು 97ರಲ್ಲಿಯೇ ಕುದಿಯುತ್ತದೆ. ಮಡಿಕೇರಿಯಲ್ಲಿ ಇನ್ನೂ ಕಡಿಮೆ. ಬೆಂಗಳೂರಿನವರು 113ರವರೆಗೆ ಕಾದರೆ ಪಾಕ ಹದವನ್ನು ದಾಟಿರುತ್ತದೆ. ಆದುದರಿಂದ ನಿಮ್ಮ ಊರಿನಲ್ಲಿ ಬರಿಯ ನೀರು ಕುದಿಯುವ ಅಂಕವನ್ನು ಮೊದಲು ಗುರುತು ಹಾಕಿಕೊಂಡು, ಅದಕ್ಕೆ 13 ಕೂಡಿಸಿರಿ. ತಣ್ಣೀರಿನ ಬಟ್ಟಲಿಗಾದರೋ ಈ ಲೆಕ್ಕದ ಗೊಡವೆಯಿಲ್ಲ.

ಪಾಕವನ್ನು ಕೆಳಗಿಳಿಸಿ, ಏಲಕ್ಕಿಪುಡಿ, ಗಸಗಸೆ ಮತ್ತು ಒಂದು ಚಮಚ ತುಪ್ಪವನ್ನು ಸೇರಿಸಿ, ಹಿಟ್ಟನ್ನು ಸ್ವಲ್ಪಸ್ವಲ್ಪವಾಗಿ ಉದುರಿಸುತ್ತ ಗಂಟಿಲ್ಲದಂತೆ ತಿರುವಬೇಕು. ಇಲ್ಲಿ ನೀರಿನ ಲೆಕ್ಕವನ್ನು ಒಮ್ಮೆ ಕಾಗದದ ಮೇಲೆ ಮಾಡಿ ನೋಡುವುದು ಲೇಸು. 500 ಗ್ರಾಂ ಅಕ್ಕಿಯಲ್ಲಿ ನೀರನ್ನು ಕಳೆದರೆ ಉಳಿಯುವ ಒಣ ಪದಾರ್ಥ ಸುಮಾರು 435 ಗ್ರಾಂ. ನೆನೆದು ಆರಿದ ಹಿಟ್ಟಿನಲ್ಲಿ ನೂರಕ್ಕೆ 25 ಭಾಗ ನೀರಿದೆಯೆಂದಿಟ್ಟುಕೊಂಡರೆ ಹಿಟ್ಟಿನ ತೂಕ 580 ಗ್ರಾಂ, ಅದರ ನೀರು 145 ಗ್ರಾಂ. ಬೆಲ್ಲದ ಒಣ ಪದಾರ್ಥ ಸುಮಾರು 332 ಗ್ರಾಂ. 85 ಭಾಗದ ಪಾಕವಾದಾಗ ಅದರ ತೂಕ 391 ಗ್ರಾಂ, ನೀರು 59 ಗ್ರಾಂ. ಒಟ್ಟು 971 ಗ್ರಾಂ ಕಣಕದಲ್ಲಿ ನೀರು 204 ಗ್ರಾಂ, ಅಂದರೆ ನೂರಕ್ಕೆ 21. ಪಾಕವನ್ನು ಕೇವಲ ಆರು ಡಿಗ್ರಿ ಮೊದಲೇ, 75 ಭಾಗದಲ್ಲಿ ಇಳಿಸಿದಿರಾದರೆ ಅದರ ನೀರು 59ರಿಂದ 111 ಗ್ರಾಮಿಗೆ ನೆಗೆದು, ಕಣಕದ ನೀರು ನೂರಕ್ಕೆ 25 ಆಗುತ್ತದೆ. ನೂರಕ್ಕೆ 12 ಭಾಗ ನೀರಿನ ಒಣ ಹಿಟ್ಟನ್ನು ಬಳಸಿದರೆ ಸರಿಯಾದ ಪಾಕವಿದ್ದರೂ 13ಕ್ಕೆ ಇಳಿಯುತ್ತದೆ. ಮೊದಲನೆಯದು ಎಣ್ಣೆಯಲ್ಲಿ ಬಿಚ್ಚಿಕೊಳ್ಳುವ ಕಣಕ. ಎರಡನೆಯದು ಬಿರುಕು ಬಿಟ್ಟು ಕಲ್ಲಾಗುವ ಕಣಕ. ನೀರಿನ ಬಹುಭಾಗ ಬರುವುದು ಪಾಕದಿಂದಲ್ಲ, ಹಿಟ್ಟಿನಿಂದ ಎಂಬುದನ್ನೂ ಗಮನಿಸಿರಿ. ಪಾಕದ ಮೇಲೆ ಕಣ್ಣಿಟ್ಟು ಅಕ್ಕಿ ಆರಿಸುವುದನ್ನು ಅಲಕ್ಷಿಸುವವರೇ ಹೆಚ್ಚು. ಮೋಡ ಮುಸುಕಿದ ದಿನ ಒಂದು ಗಂಟೆಯಲ್ಲಿ ಆರದ ಅಕ್ಕಿ, ಒಣಹವೆಯ ದಿನ ಅರ್ಧ ಗಂಟೆಯಲ್ಲಿ ಅತಿಯಾಗಿ ಆರಿರುತ್ತದೆ. ಕಳೆದ ವರ್ಷಕ್ಕೂ ಈ ವರ್ಷಕ್ಕೂ ಆದ ವ್ಯತ್ಯಾಸದ ಮೂಲ ಇದೇ ಆಗಿರಬಹುದು. ಸೊಸೆಯಂತೂ ಅಲ್ಲ.

ಬಿಸಿ ಪಾಕಕ್ಕೆ ಬಿದ್ದ ಹಿಟ್ಟು ಅಲ್ಲಿಯೇ ಬೆಂದುಹೋಗುವುದಿಲ್ಲವೆ ಎಂದು ಕೇಳಬಹುದು. ಇಲ್ಲ. ಎರಡರ ವಿಶಿಷ್ಟೋಷ್ಣ ಹೆಚ್ಚುಕಡಮೆ ಒಂದೇ ಎಂದು ಭಾವಿಸಿ, 113 ಡಿಗ್ರಿಯ 391 ಗ್ರಾಂ ಪಾಕಕ್ಕೆ 27 ಡಿಗ್ರಿಯ 580 ಗ್ರಾಂ ಹಿಟ್ಟನ್ನು ಬೆರೆಸಿದರೆ ಮಿಶ್ರಣ 60 ಡಿಗ್ರಿಯ ಆಸುಪಾಸಿಗೆ ಇಳಿಯುತ್ತದೆ. ಸಕ್ಕರೆ ನೀರನ್ನು ತನ್ನೆಡೆಗೆ ಸೆಳೆದುಕೊಳ್ಳುವುದರಿಂದ ಪಿಷ್ಟ ಊದಲು ಬೇಕಾದ ಉಷ್ಣತೆ ಮೊದಲು ಹೇಳಿದ 65ರಿಂದ 75ಕ್ಕಿಂತ ಬಹಳ ಮೇಲಕ್ಕೇರಿರುತ್ತದೆ. ಹೀಗಾಗಿ ಕಣಕ ಬಹುಮಟ್ಟಿಗೆ ಹಸಿಯಾಗಿಯೇ ಉಳಿಯುತ್ತದೆ, ಬೇಯುವುದು ಬಾಣಲೆಯಲ್ಲಿ. ಬೆಲ್ಲದ ಅಳತೆಯನ್ನು ರುಚಿಗಾಗಿ ಹೆಚ್ಚಿಸಿದರೆ ಕಜ್ಜಾಯ ಒಡೆಯುವುದೂ ಇದರಿಂದಲೇ. ಸಕ್ಕರೆ ಹೆಚ್ಚಿದಷ್ಟೂ ಪಿಷ್ಟ ತಡವಾಗಿ ಊದುತ್ತದೆ, ಪಾಕವೂ ಧಾರಾಳವಾಗಿ ಹರಿಯುತ್ತದೆ.

ಕಣಕ ಬಿಸಿಯಿರುವಾಗ ದೋಸೆಹಿಟ್ಟಿಗಿಂತ ತುಸು ಗಟ್ಟಿಯಾಗಿ, ಸಡಿಲವಾಗಿಯೇ ಕಾಣಬೇಕು. ಅದನ್ನು ಕಂಡು ಗಾಬರಿಗೊಂಡು ಮತ್ತಷ್ಟು ಹಿಟ್ಟು ಸುರಿಯುವುದು ಆತುರ. ಮೇಲೆ ತುಪ್ಪ ಸವರಿ ಮುಚ್ಚಿ ಒಂದು ದಿನವಾದರೂ ಇಟ್ಟರೆ, ಪಾಕ ತಣಿದು ಸ್ನಿಗ್ಧವಾಗುವುದರ ಜೊತೆಗೆ, ನೀರು ಕಣಕದಲ್ಲೆಲ್ಲ ಸಮನಾಗಿ ಹರಡಿಕೊಳ್ಳಲು ಅವಕಾಶವಾಗುತ್ತದೆ. ಮರುದಿನ ಅದು ತಾನಾಗಿಯೇ ಉಂಡೆ ಕಟ್ಟುವ ಹದಕ್ಕೆ ಬರುತ್ತದೆ.

ಮಹಾರಾಷ್ಟ್ರದ ಅನಾರಸೆಯನ್ನು ಇಲ್ಲಿ ಹೋಲಿಸಿ ನೋಡಬಹುದು. ತಮಿಳರ ಅದಿರಸಂ, ತೆಲುಗರ ಅರಿಸೆಲು ಮುಂತಾದವು ಪಾಕದ ದಾರಿಯನ್ನೇ ಹಿಡಿದರೆ, ಅನಾರಸೆಗೆ ಪಾಕವೇ ಇಲ್ಲ. ಅಕ್ಕಿಯನ್ನು ಮೂರು ದಿನ, ದಿನವೂ ನೀರು ಬದಲಿಸುತ್ತ ನೆನೆಯಿಟ್ಟು, ಆ ತೇವದ ಹಿಟ್ಟಿಗೆ ಬೆಲ್ಲದ ತುರಿಯನ್ನೋ ಸಕ್ಕರೆಯನ್ನೋ ಹಾಗೆಯೇ ಬೆರೆಸಿ ದಿನಗಟ್ಟಲೆ ಇಡುತ್ತಾರೆ. ಬೆಲ್ಲ ಹಿಟ್ಟಿನಲ್ಲಿದ್ದ ನೀರನ್ನೇ ಸೆಳೆದುಕೊಂಡು ಪಾಕವಾಗುತ್ತದೆ. ಬೆಂಕಿಯ ಕೆಲಸವನ್ನು ಕಾಲಕ್ಕೆ ಒಪ್ಪಿಸಿದ ಈ ವಿಧಾನ ನನಗಂತೂ ಬಹಳ ಜಾಣತನದ್ದೆಂದು ತೋರುತ್ತದೆ. ಅದರ ಮೇಲ್ಮೈಯ ಜಾಲರಿ ಹದವರಿತು ಅರ್ಧದಲ್ಲಿಯೇ ನಿಲ್ಲಿಸಿದ ಬಿಚ್ಚಿಕೊಳ್ಳುವಿಕೆಯಲ್ಲದೆ ಬೇರೆಯಲ್ಲ.

ಕರಿಯುವಾಗ ಎಣ್ಣೆ 160ರಿಂದ 170 ಡಿಗ್ರಿಯಲ್ಲಿರಬೇಕು. ನಿಂಬೆಗಾತ್ರದ ಉಂಡೆಯನ್ನು ಎಲೆಯ ಮೇಲೆ ತಟ್ಟಿ ಮೆಲ್ಲನೆ ಜಾರಿಸಿದೊಡನೆ ಸುತ್ತಲೂ ಗುಳ್ಳೆಗಳೇಳುತ್ತವೆ. ಅದು ಎಣ್ಣೆಯ ಕುದಿತವಲ್ಲ, ನೀರಾವಿ. 35 ಗ್ರಾಂ ತೂಕದ ಕಜ್ಜಾಯದಲ್ಲಿ ಸುಮಾರು 7 ಗ್ರಾಂ ನೀರಿರುತ್ತದೆ. ಅದರಲ್ಲಿ ಅರ್ಧ ಆವಿಯಾದರೂ, ಒಂದು ಗ್ರಾಂ ನೀರು ಸುಮಾರು 1.7 ಲೀಟರು ಆವಿಯಾಗುವುದರಿಂದ, ಆ ಪುಟ್ಟ ಬಿಲ್ಲೆಯಿಂದ ಆರು ಲೀಟರಿನಷ್ಟು ಆವಿ ಹೊರಬರಬೇಕು! ದುರ್ಬಲವಾದ ಕಣಕವನ್ನು ಈ ಆವಿಯೇ ಸೀಳಿಹಾಕುತ್ತದೆ. ಸರಿಯಾದ ಕಣಕವನ್ನು ಉಬ್ಬಿಸುತ್ತದೆ. ಪ್ರತಿ ಗ್ರಾಂ ನೀರೂ ಆವಿಯಾಗಲು ಸುಮಾರು 540 ಕ್ಯಾಲೊರಿ ಗುಪ್ತೋಷ್ಣವನ್ನು ಎಣ್ಣೆಯಿಂದ ಕಸಿಯುವುದರಿಂದ, ಒಮ್ಮೆಗೆ ನಾಲ್ಕಾರು ಹಾಕಿದರೆ ಎಣ್ಣೆ ತಣ್ಣಗಾಗಿ, ಪಿಷ್ಟ ಪಂದ್ಯದಲ್ಲಿ ಸೋಲುತ್ತದೆ. ಒಂದೊಂದಾಗಿಯೇ ಕರಿಯಬೇಕು.

ಎಣ್ಣೆ ಅತಿಯಾಗಿ ಕಾದಿದ್ದರೆ ಕಷ್ಟ ಇನ್ನೊಂದು ಬಗೆಯದು. ಬೆಲ್ಲದಲ್ಲಿ ಸುಕ್ರೋಸಿನ ಜೊತೆಗೆ ಗ್ಲೂಕೋಸ್, ಫ್ರಕ್ಟೋಸ್‌ಗಳೂ ಇವೆ. ಇವು ಪ್ರೋಟೀನಿನ ಅಮೈನೋ ಆಮ್ಲಗಳೊಡನೆ ಸೇರಿ ಕಂದುಬಣ್ಣವನ್ನೂ ಪರಿಮಳವನ್ನೂ ಕೊಡುತ್ತವೆ. ಫ್ರೆಂಚ್ ರಸಾಯನಶಾಸ್ತ್ರಜ್ಞ ಮಯ್ಯಾರ್ 1912ರಲ್ಲಿ ವರ್ಣಿಸಿದ ಕ್ರಿಯೆಯಿದು. ಬಿಸಿ ಹೆಚ್ಚಾದರೆ ಒಳಗು ಬೇಯುವ ಮೊದಲೇ ಹೊರಗು ಕಪ್ಪಾಗುತ್ತದೆ. ಪಿಷ್ಟದ ಪದಾರ್ಥಗಳನ್ನು ಹೀಗೆ ಕಪ್ಪಗೆ ಕರಿದಾಗ ಅಕ್ರಿಲಮೈಡ್ ಎಂಬ ಅನಪೇಕ್ಷಿತ ವಸ್ತು ಹೆಚ್ಚುತ್ತದೆಂದು ಸ್ವೀಡನ್ನಿನ ವಿಜ್ಞಾನಿಗಳು 2002ರಲ್ಲಿ ಪ್ರಕಟಿಸಿದರು. ಹೊಂಬಣ್ಣ ದಾಟಿ ಕೆಂಗಂದು ಬರುತ್ತಿದ್ದಂತೆಯೇ ತೆಗೆಯುವುದು ಕ್ಷೇಮ.

ತೆಗೆದೊಡನೆ ಎರಡು ಸಟ್ಟುಗಗಳ ನಡುವೆ ಒತ್ತಿ ಎಣ್ಣೆಯನ್ನು ಹಿಂಡುವ ವಾಡಿಕೆಯಿದೆಯಷ್ಟೆ. ಕರಿಯುತ್ತಿರುವಾಗ ಹೊರಹೊಮ್ಮುವ ಆವಿ ಎಣ್ಣೆಯನ್ನು ಒಳಗೆ ಬಿಡದು. ಮೇಲೆತ್ತಿದ ಬಳಿಕ ಒಳಗಿನ ಆವಿ ತಣಿದು ನೀರಾಗಿ, ರಂಧ್ರಗಳಲ್ಲಿ ಒತ್ತಡ ಕುಗ್ಗಿ, ಮೇಲ್ಮೈಯಲ್ಲಿ ಅಂಟಿದ್ದ ಎಣ್ಣೆ ಒಳಕ್ಕೆ ಎಳೆಯಲ್ಪಡುತ್ತದೆ. ಆದುದರಿಂದ ಒತ್ತುವುದಾದರೆ ಬಿಸಿಯಿರುವಾಗಲೇ ಒತ್ತಬೇಕು.

ಮೊದಲ ಕಜ್ಜಾಯವನ್ನು ಯಾವಾಗಲೂ ಪರೀಕ್ಷೆಗೆಂದೇ ಬಿಡಬೇಕು. ಅದು ಬಿಚ್ಚಿಕೊಂಡರೆ ಕಣಕವನ್ನೆಲ್ಲ ಚೆಲ್ಲುವ ಅಗತ್ಯವಿಲ್ಲ. ಒಣ ಅಕ್ಕಿಹಿಟ್ಟನ್ನು ಹಿಡಿಯಷ್ಟು ಸೇರಿಸಿ ನಾದಿ, ಒಂದೆರಡು ಗಂಟೆ ಬಿಟ್ಟು ನೋಡಿರಿ. ನೀರಿನ ಪಾಲೂ ಸಕ್ಕರೆಯ ಪಾಲೂ ಒಟ್ಟಿಗೆ ತಗ್ಗುತ್ತವೆ. ಅದಕ್ಕೂ ಬಗ್ಗದಿದ್ದರೆ ಎರಡು ಚಮಚ ಗೋಧಿಹಿಟ್ಟು ಸೇರಿಸಬಹುದು. ಅಕ್ಕಿಯಲ್ಲಿಲ್ಲದ ಗ್ಲುಟೆನ್ ಜಾಲವನ್ನು ಎರವಲು ತಂದಂತೆ. ಗರಿಗರಿತನ ಸ್ವಲ್ಪ ಕುಂದುತ್ತದೆ, ಆಕಾರ ನಿಲ್ಲುತ್ತದೆ. ಕಲ್ಲಿನಂತಾದ ಕಣಕಕ್ಕಾದರೆ ಬೆಚ್ಚನೆಯ ಹಾಲನ್ನು ಚಮಚದ ಲೆಕ್ಕದಲ್ಲಿ ಚಿಮುಕಿಸಿ, ನಾದಿ, ಮತ್ತೊಂದು ರಾತ್ರಿ ಮುಚ್ಚಿಡಬೇಕು. ಹಾಲು ಬೆರೆತ ಕಣಕವನ್ನು ಮಾತ್ರ ಹೊರಗಿಡದೆ ತಂಪುಪೆಟ್ಟಿಗೆಯಲ್ಲಿಟ್ಟು, ಮರುದಿನವೇ ಕರಿದು ಮುಗಿಸಬೇಕು.